ಮುನ್ನೂರ ಅರವತ್ನಾಲ್ಕನೇ ದಿನ

“ನಡ್ಕೊಂಡು ದಾಟೋ ಹಾಗಿಲ್ಲ, ಅಕ್ಕ. ಗಾಡಿಯಲ್ಲಿ ಬಂದೋರಿಗೆ ಮಾತ್ರ ಈ ಸೇತುವೆ,” ಎಂದ ಮೊಲ್ಡೋವಾದ ಗಡಿ ಕಾವಲಿನವನು, ದೊಮ್ನಿಕಾಳ ಪಾಸ್‌ಪೋರ್ಟನ್ನು ತೆರೆದೂ ನೋಡದೆ ಹಿಂದಕ್ಕೆ ಕೊಡುತ್ತಾ.

ದೊಮ್ನಿಕಾ ಮಂಡಿಯವರೆಗೆ ಒದ್ದೆಯಾಗಿದ್ದಳು. ಅವಳು ಬಂದ ಬಸ್ಸು ಏಳು ಕಿಲೋಮೀಟರು ಹಿಂದೆ, ಏರಿನಲ್ಲಿ ಅಡ್ಡ ತಿರುಗಿದ್ದ ಒಂದು ಲಾರಿಯ ಬೆನ್ನಿಗೆ, ಹಿಮದಲ್ಲಿ ಹೂತು ನಿಂತಿತ್ತು. ಉಳಿದವರು ಬಸ್ಸಿನಲ್ಲೇ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದರು. ಇವಳು ಇಳಿದು ನಡೆದಿದ್ದಳು. ಎದುರಿಗೆ ಪ್ರುಟ್ ನದಿ, ಅದರಾಚೆ ರುಮೇನಿಯಾ. ಯುರೋಪಿಯನ್ ಒಕ್ಕೂಟದ ನೆಲ ಅಲ್ಲಿಂದಲೇ ಶುರು.

“ಗಾಡಿ ಎಲ್ಲಿಂದ ತರ್ಲಪ್ಪ? ರಸ್ತೆನೇ ಮುಚ್ಚಿದೆ.”

“ಹಾಗಾದ್ರೆ ನಾಳೆ ಬಾ.”

“ನಾಳೆ ಬಂದು ಏನು ಮಾಡ್ಲಿ? ನದಿ ನೋಡ್ಕೊಂಡು ಹೋಗ್ಲಾ?”

ಹನ್ನೊಂದು ವರ್ಷ ಅವಳು ಇಟಲಿಯ ಪಾದೋವಾದಲ್ಲಿ ಬೇರೆಯವರ ವಯಸ್ಸಾದ ತಾಯಿತಂದೆಯರಿಗೆ ಸ್ನಾನ ಮಾಡಿಸಿ, ಉಣಿಸಿ, ಮಲಗಿಸಿ, ಕೊನೆಗೂ ಕಾಯಂ ವಾಸದ ಕಾರ್ಡು ಪಡೆದಿದ್ದಳು. ಮಗಳು ಲಿಲಿಯಾ ಈಗಲೂ ಅಲ್ಲೇ, ನರ್ಸಿಂಗ್ ಕೊನೆಯ ವರ್ಷದಲ್ಲಿ. ಕಳೆದ ಜನವರಿಯಲ್ಲಿ ಇಲ್ಲಿ ಮೊಲ್ಡೋವಾದ ಊರಲ್ಲಿದ್ದ ತಾಯಿ ಅಗಾಫಿಯಾಗೆ ಲಕ್ವ ಹೊಡೆಯಿತು. ಹದಿನೈದು ದಿನಕ್ಕೆಂದು ಬಂದ ದೊಮ್ನಿಕಾ ಉಳಿದೇಬಿಟ್ಟಳು. ಒಕ್ಕೂಟದ ಹೊರಗೆ ಸತತ ಹನ್ನೆರಡು ತಿಂಗಳು ಕಳೆದರೆ ಕಾರ್ಡು ರದ್ದು. ನಡುವೆ ಒಂದು ದಿನ ಕಾಲಿಟ್ಟು ಬಂದರೂ ಮತ್ತೆ ಮೊದಲಿಂದ ಎಣಿಕೆ ಎಂದು ವಕೀಲರು ಫೋನಿನಲ್ಲಿ ಹೇಳಿದ್ದರು. ಆ ಒಂದು ದಿನವೇ ಸಿಕ್ಕಿರಲಿಲ್ಲ. ಬೇಸಿಗೆಯಲ್ಲಿ ತಾಯಿಗೆ ಹಾಸಿಗೆ ಹುಣ್ಣು, ಶರತ್ಕಾಲದಲ್ಲಿ ನ್ಯುಮೋನಿಯಾ. ಇವತ್ತು ಮುನ್ನೂರ ಅರವತ್ನಾಲ್ಕನೇ ದಿನ; ನಾಳೆಗೆ ವರ್ಷ ತುಂಬಿತು, ಕಾರ್ಡು ಹೋಯಿತು. ಪಕ್ಕದ ಮನೆಯ ತುದೋರಾ ಸಂಜೆಯವರೆಗೆ ನೋಡಿಕೊಳ್ಳುತ್ತೇನೆಂದು ಒಪ್ಪಿದ್ದಳು.

ಫೋನು ಗುಂಯ್‌ಗುಟ್ಟಿತು. ತುದೋರಾಳೇ.

“ನಿಮ್ಮಮ್ಮ ಬಾಯೇ ತೆರೀತಿಲ್ಲ ಕಣೆ. ನೀನು ಇಟಲಿಗೆ ಹೊರಟೇಹೋದೆ ಅಂದ್ಕೊಂಡಿದಾಳೆ. ಬೆಳಗ್ಗೆಯಿಂದ ಗೋಡೆ ಕಡೆ ಮುಖ. ವಾಪಸು ಬಂದ್ಬಿಡೆ, ಹಾಳಾಗಿ ಹೋಗ್ಲಿ ಆ ಕಾರ್ಡು.”

ದೊಮ್ನಿಕಾ ಒಮ್ಮೆ ಬಂದ ದಾರಿಯ ಕಡೆ ನೋಡಿದಳು. ಅವಳದೇ ಹೆಜ್ಜೆಗುರುತು ಆಗಲೇ ಅರ್ಧ ಮುಚ್ಚಿತ್ತು.

“ಫೋನು ಅಮ್ಮನ ಕಿವಿಗೆ ಹಿಡಿ,” ಎಂದಳು. ಆಮೇಲೆ ಗಟ್ಟಿಯಾಗಿ, ಕಾವಲಿನವನಿಗೂ ಕೇಳುವಂತೆ: “ಅಮ್ಮಾ, ನಾನು ಹೋಗಿಲ್ಲ. ಸೇತುವೆ ದಾಟಿ ಒಂದು ಮುದ್ರೆ ಒತ್ತಿಸ್ಕೊಂಡು ಬರ್ತೀನಿ, ಅಷ್ಟೇ. ರಾತ್ರಿ ನಿನ್ನ ಪಕ್ಕದಲ್ಲೇ ಮಲಗ್ತೀನಿ. ಸೂಪು ಕುಡಿ. ನೀನು ಕುಡಿಯೋ ತನಕ ನಾನೂ ಏನೂ ಮುಟ್ಟಲ್ಲ, ತಿಳೀತಾ?” ಸ್ವಲ್ಪ ಹೊತ್ತಿಗೆ ತುದೋರಾ, “ಈ ಕಡೆ ತಿರುಗಿದಳು,” ಎಂದಳು.

ಎರಡು ಗಂಟೆ ಅವಳು ಗೇಟಿನ ಪಕ್ಕ ನಿಂತೇ ಇದ್ದಳು. ಒಳಗೆ ಬಂದು ಕೂರು ಎಂದು ಕಾವಲಿನವನು ಕರೆದರೂ ಹೋಗಲಿಲ್ಲ. ಒಳಗೆ ಕೂತಾಗ ಗಾಡಿ ಹೊರಟುಹೋದರೆ? ಕೊನೆಗೆ ಹಿಮ ಸರಿಸುವ ಯಂತ್ರ ಬಂತು. ಅದರ ಹಿಂದೆ, ಎಲ್ಲಕ್ಕಿಂತ ಮೊದಲು, ಒಂದು ಉದ್ದನೆಯ ಕಪ್ಪು ವ್ಯಾನು. ದೊಮ್ನಿಕಾ ರಸ್ತೆಯ ನಡುವೆ ಹೋಗಿ ನಿಂತಳು.

ದಪ್ಪ ಮೀಸೆಯ ಚಾಲಕ ಗಾಜು ಇಳಿಸಿದ. ಗ್ಲಿಗೋರ್ ಎಂದು ಅವನ ಹೆಸರು, ರುಮೇನಿಯಾದವನು. “ಇದು ಎಂಥ ಗಾಡಿ ಗೊತ್ತೇನಮ್ಮ? ಹೆಣದ ಗಾಡಿ.”

“ನಾಲ್ಕು ಚಕ್ರ ಇದೆ ತಾನೆ? ಸೇತುವೆ ದಾಟಿಸಿದ್ರೆ ಸಾಕು.”

“ಚೀಲದಲ್ಲಿ ಏನಿದೆ? ಸಿಗರೇಟು ಗಿಗರೇಟು ಸಿಕ್ಕಿದ್ರೆ ನನ್ನ ಗಾಡಿ ಗಡಿಯಲ್ಲೇ ಜಪ್ತಿ ಆಗತ್ತೆ.”

ಅವಳು ಚೀಲವನ್ನು ಅಲ್ಲೇ ಹಿಮದ ಮೇಲೆ ಬೋರಲು ಹಾಕಿದಳು. ಅರ್ಧ ರೊಟ್ಟಿ, ಬಟ್ಟೆಯಲ್ಲಿ ಕಟ್ಟಿದ ಕುರಿಹಾಲಿನ ಚೀಸು, ಒಂದು ಜೊತೆ ಒಣ ಕಾಲುಚೀಲ. ಗ್ಲಿಗೋರ್ ಬಾಗಿಲು ತೆರೆದ.

“ಈಗ ಸರಿ ಅಕ್ಕ, ಈಗ ಕಾನೂನು,” ಎಂದು ಕಾವಲಿನವನು ನಗುತ್ತಾ ಗೇಟು ಎತ್ತಿದ.

ಸೇತುವೆಯ ಮೇಲೆ ವ್ಯಾನು ಆಮೆಯಂತೆ ಸಾಗಿತು. “ನಿನ್ನೆ ಒಬ್ಬಳನ್ನ ಇಟಲಿಯಿಂದ ತಂದು ಅವಳ ಹಳ್ಳಿಗೆ ಮುಟ್ಟಿಸಿದೆ,” ಎಂದ ಗ್ಲಿಗೋರ್. “ನಿನ್ನ ವಯಸ್ಸೇ ಇರಬೇಕು. ಮುದುಕರನ್ನ ನೋಡ್ಕೊಳ್ಳೋ ಕೆಲಸವಂತೆ. ಅವಳ ತಾಯಿ ಬಾಗಿಲಲ್ಲಿ ನಿಂತಿದ್ದಳು. ಒಂಬತ್ತು ವರ್ಷ ಆಗಿತ್ತಂತೆ ಮಗಳ ಮುಖ ನೋಡಿ.” ಮಂಜು ಕವಿದ ಗಾಜು ಒರೆಸುತ್ತಾ, “ಹನ್ನೆರಡು ವರ್ಷದಿಂದ ನಿಮ್ಮ ದೇಶದೋರನ್ನ ಹೊತ್ತು ತರ್ತಿದೀನಿ. ಪಕ್ಕದಲ್ಲಿ ಕೂತು ಬಂದೋಳು ನೀನೊಬ್ಬಳೇ,” ಎಂದ. ದೊಮ್ನಿಕಾ ಕಾರ್ಡನ್ನು ಅಂಗೈಯಲ್ಲಿ ಅಂಚು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದಳು.

ರುಮೇನಿಯಾ ಕಡೆಯ ತಪಾಸಣೆ ಕಿಟಕಿಯಲ್ಲಿ ಕೂತಿದ್ದವಳು ಇಪ್ಪತ್ತೈದರ ಹುಡುಗಿ, ಸಮವಸ್ತ್ರದ ಮೇಲೆ ಉಣ್ಣೆಯ ಶಾಲು.

“ಎಲ್ಲಿಗೆ ಹೊರಟಿದೀರಿ?”

“ಇಲ್ಲಿಗೇ.”

“ಎಷ್ಟು ದಿನ ಇರ್ತೀರಿ?”

“ವಾಪಸು ಹೋಗೋ ಗಾಡಿ ಸಿಗೋವರೆಗೆ. ಅಮ್ಮ ಹಾಸಿಗೆ ಹಿಡಿದಿದಾಳೆ. ಬೇಗ ಹೋಗಬೇಕು.”

ಹುಡುಗಿ ಪಾಸ್‌ಪೋರ್ಟಿನ ಹಾಳೆ ಮಗುಚಿ ಕಳೆದ ಜನವರಿಯ ಮುದ್ರೆಯನ್ನು ನೋಡಿದಳು, ಕಾರ್ಡನ್ನು ನೋಡಿದಳು, ಗೋಡೆಯ ಕ್ಯಾಲೆಂಡರನ್ನೂ ನೋಡಿದಳು. ಮುಂದೆ ಏನೂ ಕೇಳದೆ ಮುದ್ರೆ ಒತ್ತಿದಳು. ಶಾಯಿ ಆರುವವರೆಗೆ ದೊಮ್ನಿಕಾ ಪಾಸ್‌ಪೋರ್ಟನ್ನು ಮುಚ್ಚಲಿಲ್ಲ.

“ಅಯ್ಯೋ, ಈ ಹಿಮದಲ್ಲಿ ಇಷ್ಟು ಪಾಡು,” ಎಂದಳು ಹುಡುಗಿ. “ಮುಂದಿನ ವರ್ಷವೂ ಹೀಗೇ ಬರಬೇಕಾಗತ್ತೇನೋ, ಅಲ್ವಾ?”

“ನಿನ್ನ ಬಾಯಿಗೆ ಸಕ್ಕರೆ ಹಾಕ,” ಎಂದಳು ದೊಮ್ನಿಕಾ. “ಅಮ್ಮ ಇದ್ರೆ ತಾನೆ ಹೀಗೆ ಬರೋದು.”