ಹರಿದ ಅಂಚು

ಸರ್ಕಾರಿ ದಫ್ತರದಿಂದ ತರಿಸಿದ ನಕಲು ಹಾಳೆಯನ್ನು ಮೊಮ್ಮಗಳು ಟ್ಯಾನ್ಸಿ, ಮನೆತನದ ಬೈಬಲ್ಲಿನಲ್ಲಿ ಉಳಿದಿದ್ದ ಹರುಕು ಅಂಚಿಗೆ ತಾಗಿಸಿದಳು. ಎರಡೂ ಒಂದಿಷ್ಟೂ ಅತ್ತಿತ್ತಾಗದೆ ಕೂಡಿಕೊಂಡವು. ಮುದುಕಿ ವರ್ಡಿ ಕುರ್ಚಿಯಿಂದ ಎದ್ದಳು, ಕೂತಳು, ಮತ್ತೆ ಎದ್ದಳು.

ಬೆಟ್ಟ ದಾಟಿ ಕೆಂಟಕಿಯ ಕಾಡಿಗೆ ಮೊದಲು ಬಂದ ಪೂರ್ವಜ ಈನಕ್ ಸ್ಟ್ಯಾಂಪರನ ಮದುವೆ, ಅವನ ಒಂಬತ್ತು ಮಕ್ಕಳ ಹುಟ್ಟು, ಎಲ್ಲ ಆ ಹಾಳೆಯಲ್ಲೇ ಇದೆಯೆಂದು ವರ್ಡಿಯ ಅಮ್ಮ ಹೇಳುತ್ತಿದ್ದಳೇ ಹೊರತು ಬೈಬಲ್ಲನ್ನು ಯಾರಿಗೂ ತೆರೆಯಗೊಟ್ಟಿರಲಿಲ್ಲ. ಅಮ್ಮ ತೀರಿಕೊಂಡ ವಾರ ಬೈಬಲ್ ತೆರೆದರೆ ಹಾಳೆಯೇ ಇಲ್ಲ. ತಂಗಿ ಓಲೀಟಾಳೇ ಹರಿದುಕೊಂಡಳೆಂದು ವರ್ಡಿ ಊರೆಲ್ಲ ಆಡಿದ್ದಳು. ಇಪ್ಪತ್ತೆರಡು ವರ್ಷದಿಂದ ಅಕ್ಕತಂಗಿಯರಿಗೆ ಮಾತಿಲ್ಲ.

“ಈನಕ್‌ನ ಹೆಂಡ್ತಿ ಕೆಜಾಯಾನೇ ಹರಿದು ಸರ್ಕಾರಕ್ಕೆ ಕಳಿಸಿದ್ದು ಅಜ್ಜಿ, 1838ರಲ್ಲಿ. ಸತ್ತ ಸಿಪಾಯಿ ಹೆಂಡ್ತಿ ಅಂತ ಪಿಂಚಣಿ ಸಿಗಬೇಕಲ್ಲ, ಮದುವೆಗೆ ಬೇರೆ ಪುರಾವೆನೇ ಇರ್ಲಿಲ್ಲ.”

“ಹಂಗಾದ್ರೆ ಓಲೀಟಾ ಬಾಯಿಗೇನು ಬೀಗ ಹಾಕಿತ್ತಾ? ನಾನಲ್ಲ ಅಂತ ಹೇಳ್ಬೇಕಿತ್ತು!”

“ಚಿಕ್ಕಜ್ಜಿ ಆಗ್ಲೇ ಮೂರು ಸಲ ಫೋನ್ ಮಾಡಿ ಹೇಳಿದ್ಲು. ನೀನೇ ಫೋನ್ ಕುಕ್ಕಿದ್ದು.”

ವರ್ಡಿ ಒದ್ದೆಯಿಲ್ಲದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಗೋಡೆಯ ಫೋನಿನ ಮುಂದೆ ಹೋಗಿ ನಿಂತಳು. ಆ ನಂಬರನ್ನು ಅವಳು ಎಲ್ಲೂ ಬರೆದಿಟ್ಟಿರಲಿಲ್ಲ. ಬೆರಳುಗಳು ತಾವಾಗಿ ಒತ್ತಿದವು.

“ಯಾರು?”

“ನಾನು ಕಣೇ. ಬೈಬಲ್ಲಿನ ಹಾಳೆ ಸಿಕ್ತು.”

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಓಲೀಟಾ ಕೇಳಿದಳು: “ಯಾರು ಹರಿದಿದ್ದಂತೆ?”

ವರ್ಡಿ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ನೀನಲ್ಲ.”