ಕಟ್ಟಿಸಿದ ಹಲ್ಲು

ಲವಂಗದೆಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಬೆಳಗೋಡಿನ ಅಜ್ಜಿಯ ಬಾಯಿ ನೆನಪಾಗುತ್ತದೆ.

ಹಾಸನದಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟು ಕೆಲವು ವರ್ಷಗಳಲ್ಲೇ ಸಡಿಲವಾಗಿ, ಉಜ್ಜಿ ಉಜ್ಜಿ ಅವಳ ವಸಡು ಹುಣ್ಣಾಗಿತ್ತು; ನೋವಿಗೆ ಲವಂಗದೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅಜ್ಜಿ ತೋಟದ ಸ್ಟೋರಿನ ಮೆಟ್ಟಿಲ ಮೇಲೆ ಕೂತು ಕಾಫಿ ಬೀಜ ಆರಿಸುತ್ತಿದ್ದಳು. ನನಗೇನೋ ಹೇಳಲು ಬಾಯಿ ತೆರೆದಳು. ತುಟಿ ತೆರೆಯಿತು, ಹಲ್ಲು ಮಾತ್ರ ಮುಚ್ಚಿಕೊಂಡೇ ಇತ್ತು. ಮೇಲಿನ ಸಾಲು ಜಾರಿ ಕೆಳಗಿನದರ ಮೇಲೆ ಕೂತಿತ್ತು. ಮಾತು ಅದರ ಹಿಂದಿನಿಂದ ಬಂತು. ಅವಳ ಬಾಯೊಳಗೆ ಬೇರೆ ಯಾರೋ ಹಲ್ಲು ಕಿರಿದಂತೆ ಕಂಡು ನಾನು ಹಿಂದೆ ಸರಿದೆ.

ಅಜ್ಜಿ ಸೆಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡಳು. ಮುಖ ಒಮ್ಮೆಲೇ ಒಳಕ್ಕೆ ಕುಸಿಯಿತು.

"ಹೆದ್ರಬೇಡ ಕಣೇ, ಮುಟ್ಟಿ ನೋಡು" ಎಂದು ನನ್ನ ಬೆರಳನ್ನು ಕೆಳವಸಡಿನ ಮೇಲಿಟ್ಟಳು. ಅಲ್ಲಿ ಹಲ್ಲು ಕೂರುವ ಮೂಳೆಯ ಉಬ್ಬೇ ಇರಲಿಲ್ಲ. ಬೆಚ್ಚಗೆ, ನುಣ್ಣಗೆ, ಚಪ್ಪಟೆಯಾಗಿತ್ತು.

"ಮೂಳೆ ಎಲ್ಲೋಯ್ತಜ್ಜಿ?"

"ಸವ್ದೋಗೈತೆ. ಹಲ್ಲು ಕಿತ್ತ ಮೇಲೆ ದವಡೆ ವರ್ಷಾ ವರ್ಷ ಕರಗ್ತದಂತೆ, ಡಾಕ್ಟ್ರು ಅಂದ್ರು. ಈ ಹಲ್ಲು ಹಂಗೇ ಐತೆ. ನಾನೇ ಕಮ್ಮಿ ಆಗ್ತಿದೀನಿ."

ಸಂಜೆಯ ತನಕ ನಾನು ನನ್ನ ದವಡೆಯನ್ನೇ ಒತ್ತಿ ಒತ್ತಿ ನೋಡಿಕೊಂಡೆ. ಮೂಳೆ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ನಾನು ಒತ್ತಿಕೊಳ್ಳುವುದನ್ನು ಕಂಡ ಅಜ್ಜಿ ನನ್ನ ತಲೆ ಸವರಿದಳು.

"ಐತೆ ಕಣೇ," ಅಂದಳು. "ಇನ್ನೂ ಸುಮಾರು ದಿನ ಇರ್ತದೆ."