ಹಾಲಿನ ಪುಡಿ ಮತ್ತು ಕಸ್ತೂರವ್ವನ ಕೈ

ಇದನ್ನು ಓದಿ ಕೈಮುಗಿಯುವ ಇಮೋಜಿ ಹಾಕಬೇಡಿ... ಮೊದಲು ನನಗೆ ನಾಲ್ಕು ಬಯ್ಯಿರಿ. ನನ್ನ ಮೇಲಿನ ಸಿಟ್ಟು ನನಗೇ ಇನ್ನೂ ಇಳಿದಿಲ್ಲ.

ಆಗ ನಾನು ಧಾರವಾಡದ ಒಂದು ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ.

ನಮ್ಮ ಮೈಯ ಜೀವಕೋಶಗಳ ಮೇಲೆ ಸಕ್ಕರೆಯ ಕಣಗಳಿರುತ್ತವೆ. ರೋಗನಿರೋಧಕ ಕೋಶಗಳು ಆ ಸಕ್ಕರೆಯನ್ನು ಮುಟ್ಟಿ, ಇದು ನಮ್ಮದೋ ಹೊರಗಿನದೋ ಎಂದು ಗುರುತಿಸುತ್ತವೆ. ಹಾಗೆ ಮುಟ್ಟುವ ಕೈಗೆ ರಿಸೆಪ್ಟರ್ ಎನ್ನುತ್ತಾರೆ.

ಪ್ಲೇಟಿನಲ್ಲಿ ಕೋಶಗಳನ್ನಿಟ್ಟು ರಿಸೆಪ್ಟರ್ ಹಾಕುವುದು ನನ್ನ ಕೆಲಸ... ಗುರುತು ಹಿಡಿದರೆ ಹಸಿರಾಗಿ ಹೊಳೆಯಬೇಕು.

ಮೂರು ತಿಂಗಳು ಹೊಳೆಯಲೇ ಇಲ್ಲ!

ಗೈಡ್ ಎಲ್ಲರೆದುರು ಗದರಿದರು. ನಾನು ಒಂದು ಕ್ಷಣವೂ ಯೋಚಿಸದೆ ಹೇಳಿದೆ... "ಗ್ಲಾಸ್‌ವೇರ್ ಸರಿಯಾಗಿ ತೊಳ್ಯಾಂಗಿಲ್ರೀ ಸರ್. ಹೊಲಸು ಹಂಗ ಉಳೀತೈತಿ."

ತೊಳೆಯುತ್ತಿದ್ದವರು ಕಸ್ತೂರವ್ವ. ಹದಿನಾಲ್ಕು ವರ್ಷದ ಗುತ್ತಿಗೆ ಕೆಲಸ. ಅವರು ನನ್ನ ಕಡೆ ತಿರುಗಿ ಹೇಳಿದರು...

"ನನ್ ಕೈದಾಗ ತಪ್ಪಿಲ್ರೀ ಸರ್. ನೀವು ಆ ಸಣ್ಣ ಬಾಟ್ಲಿ ಬಿಟ್ಟು ಹಾಲಿನ ಪುಡಿ ತಂದ್ರಲ್ಲ... ಅವತ್ತಿಂದನ ಹಿಂಗಾಗೈತಿ ನೋಡ್ರಿ."

ರಿಸೆಪ್ಟರ್ ಕಂಡಕಂಡಲ್ಲಿ ಅಂಟದಂತೆ ಪ್ಲೇಟಿಗೆ ಮೊದಲು ಒಂದು ಪ್ರೋಟೀನ್ ಹಾಕುತ್ತೇವೆ. ಅದರ ಬಾಟಲಿ ಮುಗಿದಿತ್ತು. ಅಂಗಡಿಯ ಹಾಲಿನ ಪುಡಿ ಸಾಕೆಂದು ತಂದಿದ್ದು ನಾನೇ.

"ಬೀಕರ್ ತೊಳಿಯಾಕಿ ನನಗ ಸೈನ್ಸ್ ಹೇಳ್ತಿಯೇನ?" ಎಂದೆ. ಹೌದು, ತಾಯಿಯ ವಯಸ್ಸಿನವರಿಗೆ ಹಾಗೆಂದೆ.

ಮರುದಿನ ಅವರನ್ನು ಕೆಲಸದಿಂದ ತೆಗೆದರು.

ಆಮೇಲೆ ನಾನೇ ತೊಳೆದೆ. ಐದು ಸಲ ತಿಕ್ಕಿ ತೊಳೆದೆ. ಪ್ಲೇಟು ಕಪ್ಪಗೇ ಇತ್ತು!

ಹೊಸ ಬಾಟಲಿ ಬಂದ ದಿನ ಹಾಲಿನ ಪುಡಿ ಬಿಟ್ಟು ಮಾಡಿದೆ... ಪ್ಲೇಟು ಹಸಿರಾಗಿ ಹೊಳೆಯಿತು.

ಹಾಲಿನ ಪ್ರೋಟೀನಿನ ಮೇಲೂ ಅದೇ ಸಕ್ಕರೆ ಇದೆ. ರಿಸೆಪ್ಟರ್ ಅದನ್ನೇ ಹಿಡಿದು ಕೂತು, ಪ್ಲೇಟು ತೊಳೆದಾಗ ಅದರ ಜೊತೆಗೇ ಹರಿದುಹೋಗುತ್ತಿತ್ತು, ಕೋಶವನ್ನು ಮುಟ್ಟಲೇ ಇಲ್ಲ. ಕಸ್ತೂರವ್ವ ಹೇಳಿದ್ದು ಅಕ್ಷರಶಃ ನಿಜ.

ಗೈಡ್‌ಗೆ ಹೇಳಿದೆ. "ರಿಸಲ್ಟ್ ಬಂತಲ್ಲ, ಬಿಡೋ. ಆಕೀ ವಿಷಯ ಈಗ್ಯಾಕ?" ಎಂದರು.

ಮೈ ಉರಿದುಹೋಯಿತು. ಆದರೆ ಅವರ ಕೈಗೆ ಆ ಸುಳ್ಳು ಕೊಟ್ಟವನು ನಾನೇ ಅಲ್ಲವೇ?

ಕಸ್ತೂರವ್ವನ ಮನೆಗೆ ಹೋದೆ. ಅವರು ಒಳಗೆ ಕರೆಯಲಿಲ್ಲ, ಅಳಲೂ ಇಲ್ಲ. ಅತ್ತವನು ನಾನು.

"ಕಣ್ಣೀರ ಒರಸ್ಕೋ ತಮ್ಮಾ. ನನ್ ಕೈ ಹೊಲಸು ಅಂತ ಎಲ್ಲಾರ ಮುಂದ ಅಂದಿ. ತಪ್ಪಾತು ಅನ್ನೂದು ಮಾತ್ರ ನಮ್ಮ ಬಾಗಲಾಗ ನಿಂತು ಹೇಳ್ತಿಯೇನ? ಅಲ್ಲೇ ಹೇಳು ಹೋಗು!"

ಶುಕ್ರವಾರದ ಸೆಮಿನಾರಿನಲ್ಲಿ ನನ್ನ ಮೊದಲ ಸ್ಲೈಡ್... 'ತಪ್ಪು ನನ್ನದು. ಅದನ್ನು ಕಂಡುಹಿಡಿದವರು ಕಸ್ತೂರವ್ವ.'

ಅವರನ್ನು ವಾಪಸ್ ಕರೆಸುವವರೆಗೆ ಎರಡನೇ ಸ್ಲೈಡ್ ಇಲ್ಲ ಎಂದು ನಿಂತುಬಿಟ್ಟೆ. ಗೈಡ್ ಮುಖ ಕೆಂಪಗಾಯಿತು. ಮುಂದೆ ಕೂತಿದ್ದ ಸಂಸ್ಥೆಯ ಡೈರೆಕ್ಟರ್, ಕಸ್ತೂರವ್ವನನ್ನು ವಾಪಸ್ ಕರೆಸಲು ಅಲ್ಲೇ ಫೋನ್ ಮಾಡಿಸಿದರು.

ಸೋಮವಾರ ಕಸ್ತೂರವ್ವ ಬಂದರು. ನನ್ನ ಟೇಬಲ್ ಮೇಲಿದ್ದ ಹಾಲಿನ ಪುಡಿಯ ಪ್ಯಾಕೆಟ್ ಎತ್ತಿ ಕಸದ ಬುಟ್ಟಿಗೆ ಎಸೆದು, ನಲ್ಲಿ ತಿರುಗಿಸಿ ಬೀಕರ್ ತೊಳೆಯಲು ನಿಂತರು.

ಮೊದಲೇ ಏನನ್ನೋ ಹಿಡಿದುಕೊಂಡ ಕೈಗೆ, ಎದುರಿಗಿರುವ ನಿಜ ಸಿಗುವುದಿಲ್ಲ.

ನಿಮ್ಮಲ್ಲಿ ಏನಾದರೂ ಕೆಟ್ಟಾಗ ನೀವು ಮೊದಲು ನೋಡುವುದು ಯಾರ ಕೈಯನ್ನು... ನಿಮ್ಮದನ್ನೋ, ತೊಳೆಯುವವರದ್ದನ್ನೋ?